ಭಾರ ಹಿಮಕ್ಕೆ, ಉಸಿರು ನಿನಗೆ

ಮೇ 3

ನರ್ಸ್ ಬೊಡಿಲ್ ಈ ನೋಟ್‌ಬುಕ್ ಕೈಗಿಟ್ಟು ಹೆಲಿಕಾಪ್ಟರ್ ಹತ್ತಿ ಹೋದಳು. ದಿನಕ್ಕೊಂದು ಪುಟ ಬರೆಯಬೇಕಂತೆ, ಬಲಗೈಯಲ್ಲೇ. ಏನು ಬರೆದೆ ಎನ್ನುವುದು ಅವಳಿಗೆ ಬೇಡ, ಅಕ್ಷರ ಹೇಗಿದೆ ಎನ್ನುವುದು ಬೇಕು. ಅಕ್ಷರ ಚಿಕ್ಕದಾಗುತ್ತ ಹೋದರೆ ಕಾಯಿಲೆ ಮುಂದೆ ಹೋಗುತ್ತಿದೆ ಎಂದು ಅರ್ಥವಂತೆ.

"ಪೂರ್ತಿ ಗುಣ ಆಗೋದಲ್ಲ ಈ ನಡುಕದ ಕಾಯಿಲೆ, ಇಲಾಂಗುವಾಕ್. ಮಾತ್ರೆ ತಗೊಂಡ್ರೆ ನಿಧಾನ ಆಗುತ್ತೆ, ಅಷ್ಟೆ."

"ನೋಟ್‌ಬುಕ್ ನಾನು ಯಾರಿಗೂ ತೋರಿಸಲ್ಲ."

"ಮೊದ್ಲು ಬರಿ. ಜಗಳ ನಾನು ಜೂನಲ್ಲಿ ಬಂದಾಗ ಆಡೋಣ."

ಒಳ್ಳೆಯ ಹೆಂಗಸು. ಆದರೆ ಈ ಡೆನ್ಮಾರ್ಕಿನವರಿಗೆ ಏನನ್ನಾದರೂ ಕಾಗದದ ಮೇಲೆ ನೋಡದಿದ್ದರೆ ಸಮಾಧಾನವಿಲ್ಲ. ನನ್ನ ಬಲಗೈ ನಡುಗುವುದು ನನಗೆ ಗೊತ್ತಿಲ್ಲವೇ? ಚಳಿಗಾಲ ಶುರುವಾದಾಗಿನಿಂದ ಆ ಕೈ ನನ್ನ ಮಾತು ಕೇಳುತ್ತಿಲ್ಲ. ಸುಮ್ಮನೆ ಮಡಿಲಲ್ಲಿಟ್ಟುಕೊಂಡರೆ ಕುಣಿಯುತ್ತದೆ.

ಎಕಿಲಾನಾ ಅಡುಗೆಮನೆಯಿಂದ, "ಏನಂದ್ಳು?" ಎಂದು ಕೇಳಿದಳು. ನನ್ನ ಹೆಂಡತಿ, ಮದುವೆಯಾಗಿ ಮೂವತ್ತೆರಡು ವರ್ಷ. "ರಕ್ತದೊತ್ತಡವಂತೆ" ಎಂದೆ.

ಮೇ 5

ಇವತ್ತಿನದನ್ನು ಬರೆಯದೆ ಇದ್ದರೆ ನಿದ್ದೆ ಬರುವುದಿಲ್ಲ.

ಕೊಲ್ಲಿಯ ಹಿಮಗಡ್ಡೆಯ ಮೇಲೆ ಸೀಲುಗಳು ಬಿಸಿಲಿಗೆ ಮೈಯೊಡ್ಡಿ ಮಲಗಲು ಶುರುಮಾಡಿವೆ. ಪ್ರತಿಯೊಂದೂ ತಾನು ಉಸಿರಾಡುವ ತೂತಿನ ಅಂಚಿನಲ್ಲೇ ಮಲಗುತ್ತದೆ. ಒಂದು ನಿಮಿಷ ನಿದ್ದೆ, ತಲೆಯೆತ್ತಿ ಸುತ್ತ ನೋಡುವುದು, ಮತ್ತೆ ಒಂದು ನಿಮಿಷ ನಿದ್ದೆ. ಇಡೀ ನಿದ್ದೆಯನ್ನು ಚೂರು ಚೂರು ಮಾಡಿ ಉಣ್ಣುವ ಪ್ರಾಣಿ. ನಲವತ್ತೈದು ವರ್ಷ ನೋಡಿದ್ದೇನೆ, ನನಗೆ ಅದರ ಬೆರಗು ಹೋಗಿಲ್ಲ.

ನಾಯಿಗಳನ್ನು ದೂರದಲ್ಲಿ ನಿಲ್ಲಿಸಿ ಪುಟ್ಟ ಜಾರುಬಂಡಿಯನ್ನು ಮುಂದೆ ತಳ್ಳುತ್ತ ತೆವಳಿದೆ. ಅದರ ಮೇಲೆ ಕವೆಗೋಲು, ಕವೆಯಲ್ಲಿ ಕೋವಿ, ಮುಂದೆ ಬಿಳಿ ಬಟ್ಟೆಯ ಪರದೆ. ಸೀಲಿನ ಕಣ್ಣಿಗೆ ನಾನೊಂದು ಹಿಮದ ದಿಬ್ಬ. ಅದು ಮಲಗಿದಾಗ ನಾನು ತೆವಳಬೇಕು, ಅದು ತಲೆ ಎತ್ತಿದಾಗ ನಾನು ಸಾಯಬೇಕು. ಹೀಗೆ ಬದುಕುತ್ತ ಸಾಯುತ್ತ ನೂರು ಹೆಜ್ಜೆಯಷ್ಟು ಹತ್ತಿರ ಹೋದೆ.

ಅಪ್ಪ ಕಲಿಸಿದ್ದು ಒಂದೇ ಪಾಠ. "ಕೋವಿ ಭಾರ ಕವೆಗೆ ಕೊಡು, ನಿನ್ನ ಭಾರ ಹಿಮಕ್ಕೆ ಕೊಡು, ಉಸಿರು ಮಾತ್ರ ನಿನಗಿಟ್ಕೋ. ಕೊನೆಗೆ ಅದನ್ನೂ ಬಿಟ್ಬಿಡು." ಉಸಿರು ಹೊರಗೆ ಹೋಗಿ ಮುಂದಿನದು ಒಳಗೆ ಬರುವ ಮುಂಚೆ ನಡುವೆ ಒಂದು ಖಾಲಿ ಜಾಗವಿದೆ. ಗುಂಡು ಅಲ್ಲಿ ಹೋಗಬೇಕು. ಅದು ತಲೆಗೇ ತಗಲಬೇಕು. ಬೇರೆಲ್ಲಿ ತಗಲಿದರೂ ಸೀಲು ಜಾರಿ ತೂತಿಗೆ ಬೀಳುತ್ತದೆ. ಸಮುದ್ರ ಅದನ್ನು ವಾಪಸು ಕೊಡುವುದಿಲ್ಲ.

ಖಾಲಿ ಜಾಗ ಬಂತು. ಆ ಕೈ ಅಲುಗಿತು. ಗುಂಡು ಹಾರಿತು.

ಓಡಿಹೋಗಿ ನೋಡಿದರೆ ತೂತಿನ ಅಂಚಿನಲ್ಲಿ ರಕ್ತ, ನೀರಿನ ಮೇಲೆ ನಾಲ್ಕು ಗುಳ್ಳೆ. ಗಾಯಗೊಂಡ ಜೀವವೊಂದನ್ನು ಕತ್ತಲೆಯ ನೀರಿಗೆ ಕಳಿಸಿಬಿಟ್ಟೆ. ಈ ನಲವತ್ತೈದು ವರ್ಷದಲ್ಲಿ ಹೀಗಾಗಿರಲಿಲ್ಲ. ಮೊಣಕಾಲೂರಿ ಕೂತು ಆ ತೂತಿಗೆ ಕ್ಷಮೆ ಕೇಳಿದೆ.

ಮನೆಯಲ್ಲಿ, "ಒಂದೂ ಸಿಗಲಿಲ್ಲ" ಎಂದೆ.

ಮೇ 6

ಎಕಿಲಾನಾಳ ತಮ್ಮ ಕಿಗುತಾಕ್ ಬಂದಿದ್ದ. ನನ್ನ ನಾಯಿಗಳ ಪಕ್ಕೆಲುಬು ಎಣಿಸಿಕೊಂಡೇ ಒಳಗೆ ಬಂದಿದ್ದ ಎಂದು ಕಾಣುತ್ತದೆ.

"ಭಾವ, ಮುಚ್ಚುಮರೆ ಯಾಕೆ? ನಿನ್ನ ಗುರಿ ತಪ್ತಾ ಇದೆ. ಮಾಂಸ ಕೂಡಿಡೋ ಗುಂಡಿ ಖಾಲಿ. ಹನ್ನೊಂದು ನಾಯಿ ಗಾಳಿ ಕುಡ್ಕೊಂಡು ಬದುಕ್ತಾವಾ?"

"ಕಣ್ಣು ಸ್ವಲ್ಪ ಮಂಜಾಗಿದೆ" ಎಂದೆ. ಬಾಯಿಗೆ ಬಂದ ಮೊದಲ ಸುಳ್ಳು.

"ಕಣ್ಣೋ ಮೂಗೋ, ನಾಯಿಗಳಿಗೆ ಅದೆಲ್ಲ ಯಾಕೆ? ಹಿಮ ಒಡೆಯೋ ತನಕ ನೋಡ್ತೀನಿ. ಅಷ್ಟರಲ್ಲಿ ನೀನು ಮಾಂಸ ತರದೆ ಹೋದ್ರೆ ನಾಯಿಗಳು ನನಗೆ. ಗುಂಡು ಹಾಕಿ ಕೊಲ್ಲೋದಕ್ಕಿಂತ ಅದು ವಾಸಿ ತಾನೇ?"

ವಾಸಿ. ಅವನು ಹೇಳುವುದು ಸರಿ, ಅದಕ್ಕೇ ಕೋಪ ಬಂತು. ಆದರೆ ನಾಯಿಯಿಲ್ಲದ ಬೇಟೆಗಾರ ಎಂದರೆ ಅಂಗಡಿಯ ಮುಂದೆ ಪೆಟ್ಟಿಗೆಯ ಮೇಲೆ ಕೂತು ಹವಾಮಾನ ಹೇಳುವ ಮುದುಕ. ಮುಂದಾಳು ನಾಯಿ ಮಿಕಿಯನ್ನು ಮರಿಯಾಗಿದ್ದಾಗ ನನ್ನ ಅಂಗಿಯೊಳಗೆ ಇಟ್ಟುಕೊಂಡು ಸಾಕಿದ್ದೆ. "ಹಿಮ ಒಡೀಲಿ, ನೋಡೋಣ" ಎಂದೆ.

ಎಕಿಲಾನಾ ಕಾಫಿ ತಂದಳು. ಬೇಡ ಎಂದೆ. ಬಟ್ಟಲು ಹಿಡಿದರೆ ಗುಟ್ಟು ರಟ್ಟಾಗುತ್ತದೆ. ಕಾಫಿ ಬೇಡ ಎಂದದ್ದು ಜೀವಮಾನದಲ್ಲೇ ಮೊದಲು.

ಮೇ 8

ಕಿಗುತಾಕ್ ತನ್ನ ಸತ್ತುಹೋದ ಅಮ್ಮನ, ಎಂದರೆ ನನ್ನ ಅತ್ತೆಯ, ಕನ್ನಡಕ ತಂದುಕೊಟ್ಟಿದ್ದಾನೆ. "ಹಾಕ್ಕೋ ಭಾವ, ಅಮ್ಮ ಇದರಲ್ಲಿ ಆಚೆ ದಡದ ನರಿ ನೋಡ್ತಿದ್ಳು." ಕೆಂಪು ಅಂಚು, ಒಂದು ಕಡ್ಡಿಗೆ ದಾರ. ಹಾಕಿಕೊಂಡರೆ ಇಡೀ ಊರು ನೀರಿನೊಳಗೆ ಮುಳುಗಿದಂತಿದೆ. ಸುಳ್ಳು ಹೇಳಿದ ಮೇಲೆ ಹೊರಲೇಬೇಕು. ಮಕ್ಕಳು ಹಿಂದೆ ಬರುತ್ತಿದ್ದಾರೆ.

ಮೇ 12

ಮೂರು ದಿನ ಅತ್ತೆಯ ಕನ್ನಡಕದಲ್ಲಿ ಎಡವಿ, ಇವತ್ತು ಅದನ್ನು ಜೇಬಿಗೆ ಹಾಕಿಕೊಂಡು ಒಬ್ಬನೇ ಹೋದೆ. ಕವೆಗೋಲನ್ನು ತೊಗಲಿನ ಹುರಿಯಿಂದ ಬಿಗಿದೆ. ಕವೆಯೊಳಗೆ ಕರಡಿಯ ತುಪ್ಪಳ ಸುತ್ತಿದೆ. ಬೆಳಗ್ಗೆ ನೋಡಿದರೆ ಬಂಡಿಯ ಮೇಲೆ ಹೊಸದೊಂದು ಚೀಲ ಇತ್ತು: ಸೀಲು ತೊಗಲಿನ ಅಂಗೈಯಗಲದ ಚೀಲ, ಒಳಗೆ ಮರಳು ತುಂಬಿ ಬಾಯಿ ಹೊಲಿದದ್ದು. ಕೋವಿಯ ಹಿಂಭಾಗದ ಕೆಳಗಿಟ್ಟರೆ ಅಳತೆ ಮಾಡಿದಂತೆ ಕೂರುತ್ತದೆ. ಎಕಿಲಾನಾಳ ಹೊಲಿಗೆ.

ಕವೆ ಮುಂದೆ, ಚೀಲ ಹಿಂದೆ. ಬೆಟ್ಟದಂತೆ ಕೂತಿತು ಕೋವಿ. ಗುರಿಯ ಮುಳ್ಳು ಸೀಲಿನ ಕಿವಿಯ ಮೇಲೆ ನಿಂತೇಬಿಟ್ಟಿತು. ನನಗೆ ನಗು ಬಂತು. ಅಷ್ಟರಲ್ಲಿ ಸೀಲು ತಲೆಯೆತ್ತಿತು, ನಾನು ಕಾದೆ. ಕಾಯುತ್ತ ಇರುವಾಗ ಆ ಕೈ ಕೋವಿಯ ಮರಕ್ಕೆ ಬಡಿಯತೊಡಗಿತು. ಟಕ ಟಕ ಟಕ. ಮರದಿಂದ ಬಂಡಿಗೆ, ಬಂಡಿಯಿಂದ ಹಿಮಕ್ಕೆ. ನನ್ನ ಕಿವಿಗೇ ಸರಿಯಾಗಿ ಕೇಳದ ಸದ್ದು.

ನೂರು ಹೆಜ್ಜೆ ಆಚೆಯ ಸೀಲು ಅದನ್ನು ಹೊಟ್ಟೆಯಿಂದ ಕೇಳಿಸಿಕೊಂಡಿತು. ನನ್ನ ಕಡೆಗೇ ತಿರುಗಿ ನೋಡಿತು. ಹಿಮವೆಲ್ಲ ಅದರ ಕಿವಿಯ ತಮಟೆ, ನಾನು ಅದರ ಮೇಲೆ ಕೂತು ಬಾರಿಸುತ್ತಿದ್ದೇನೆ. ಜಾರಿ ಹೋಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ಮುದಿಕೈಯ ನಡುಕವನ್ನು ಅಷ್ಟು ದೂರದಿಂದ ಓದುವ ಮೈ ಅದಕ್ಕೆ ಯಾರು ಕೊಟ್ಟರು ಎಂದು ಯೋಚಿಸುತ್ತ ಎಷ್ಟೋ ಹೊತ್ತು ಅಲ್ಲೇ ಮಲಗಿದ್ದೆ. ಬೇಸಿಗೆಯಲ್ಲಿ ಮುಳುಗದ ಸೂರ್ಯ ಕೊಲ್ಲಿಯ ಸುತ್ತ ಅರ್ಧ ಪ್ರದಕ್ಷಿಣೆ ಹಾಕಿದ್ದ.

ಮೇ 13

ಬರೆಯಲು ಏನೂ ಇಲ್ಲ. ನಾಯಿಗಳಿಗೆ ಅಂಗಡಿಯ ಒಣಮೀನು.

ಮೇ 20

ಒಂದು ವಾರ ಬರೆಯಲಿಲ್ಲ. ಬೊಡಿಲ್ ಬಯ್ಯಲಿ.

ಪುಟ್ಟ ಕಡಲ ಹಕ್ಕಿಗಳು ಬಂದಿವೆ. ಬಂಡೆಗಳ ಮೇಲೆ ಆಕಾಶವೇ ಕುದಿಯುತ್ತಿದೆ. ಎಕಿಲಾನಾ ಉದ್ದ ಹಿಡಿಕೆಯ ಬಲೆ ಬೀಸಿ ಇನ್ನೂರು ಹಕ್ಕಿ ಹಿಡಿದು ತಂದಳು. ಮನೆ ನಡೆಯುತ್ತಿರುವುದು ಅವಳ ಬಲೆಯಿಂದ. ನಾನು ಹಕ್ಕಿಯ ಎದೆ ಚೀಪುತ್ತ ಕೂತಿದ್ದೇನೆ, ಗಂಡಸು!

ಹಿಮದಲ್ಲಿ ಮೊದಲ ಬಿರುಕು ಕಂಡಿದೆ. ಇನ್ನು ನಾಲ್ಕು ವಾರ, ಹೆಚ್ಚೆಂದರೆ ಐದು.

ಮೇ 21

ಇವತ್ತು ಬೆಳಗ್ಗೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬಲೆ ಬೀಸಿ ಬೀಸಿ ಎಕಿಲಾನಾಳ ಬೆನ್ನು ಹಿಡಿದುಕೊಂಡಿತ್ತು. ಗೋಡೆಯಲ್ಲಿ ನೇತುಹಾಕಿರುವ ಉಗುರುಕೋಲನ್ನು ನನ್ನ ಕೈಗೆ ಕೊಟ್ಟು, "ಸ್ವಲ್ಪ ಕೆರಿ" ಎಂದು ಬೆನ್ನು ತೋರಿಸಿ ಕೂತಳು. ಗೇಣುದ್ದದ ಮರದ ಹಿಡಿ, ತುದಿಗೆ ಸೀಲಿನ ಮೂರು ಉಗುರು ಕಟ್ಟಿದೆ. ನನ್ನ ತಾತನದು. ಬಿಳಿ ಪರದೆ ಬರುವುದಕ್ಕೂ ಹಿಂದೆ ಆತ ಅದರಲ್ಲಿ ಹಿಮ ಕೆರೆದು ಸೀಲಿನ ಹಾಗೆ ಸದ್ದು ಮಾಡುತ್ತಿದ್ದನಂತೆ. ನನ್ನ ಕಾಲಕ್ಕೆ ಅದು ಹೆಂಡತಿಯ ಬೆನ್ನು ಕೆರೆಯುವ ಕೋಲಾಗಿ ನಿವೃತ್ತವಾಗಿತ್ತು.

ಕೆರೆದೆ. ಎಂದರೆ, ಕೋಲನ್ನು ಬೆನ್ನ ಮೇಲೆ ಇಟ್ಟೆ ಅಷ್ಟೆ. ಮಿಕ್ಕದ್ದು ನಡುಕವೇ ಮಾಡಿತು.

"ಹಾ... ಹಾಗೇ, ಹಾಗೇ. ಮೂವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾವತ್ತೂ ಕೆರೆದಿರಲಿಲ್ಲ ನೀನು. ರಕ್ತದೊತ್ತಡ ಬಂದ್ಮೇಲೆ ಕೈ ಪಳಗಿದೆ ನೋಡು."

ನನ್ನ ಕೈಯಿಂದ ಕೋಲು ಬಿತ್ತು. ಅವಳು ತಿರುಗಲಿಲ್ಲ.

"ಯಾವಾಗಿಂದ ಗೊತ್ತು?"

"ನೀನು ರಾತ್ರಿ ಮಲಗಿದಾಗ ನಿಲ್ಲುತ್ತೆ. ಎದ್ದಾಗ ಶುರುವಾಗುತ್ತೆ. ಪಕ್ಕದಲ್ಲಿ ಮಲಗೋಳಿಗೆ ಗೊತ್ತಾಗಲ್ವಾ, ಪೆದ್ದ? ಕೋಲು ತಗೋ. ಇನ್ನೂ ಎಡಗಡೆ ಬಾಕಿ ಇದೆ."

ಕೋಲು ತೆಗೆದುಕೊಂಡೆ. ಕಣ್ಣು ಒದ್ದೆಯಾಗಿತ್ತು, ನಾನು ಅವಳ ಬೆನ್ನ ಹಿಂದೆ ಇದ್ದದ್ದು ಒಳ್ಳೆಯದೇ ಆಯಿತು. ಕೆರೆಯುತ್ತ ಕೆರೆಯುತ್ತ ಆ ಸದ್ದು ಕಿವಿಗೆ ಬಿತ್ತು. ಕರ್ ಕರ್ ಕರ್, ಸಣ್ಣ ಬಿಡುವು, ಮತ್ತೆ ಕರ್ ಕರ್. ಈ ಸದ್ದನ್ನು ನಾನು ಬಲ್ಲೆ. ನಿದ್ದೆಯ ನಡುವೆ ಸೀಲು ತನ್ನ ಮಗ್ಗುಲ ಹಿಮವನ್ನು ಕೆರೆಯುವುದು ಹೀಗೆಯೇ.

ಟಕ ಟಕ ಎಂದರೆ ಸೀಲು ಓಡುತ್ತದೆ. ಕರ್ ಕರ್ ಎಂದರೆ?

ಮೇ 22

ಊರಿನ ಹಿರಿಯ ಸಕೇವುಸ್‌ನ ಮನೆಗೆ ಹೋಗಿ ಕೇಳಿದೆ. ಎಂಬತ್ತಾರು ವರ್ಷ, ಹಲ್ಲಿಲ್ಲ, ನೆನಪಿಗೆ ಮಾತ್ರ ಒಂದು ಹಲ್ಲೂ ಬಿದ್ದಿಲ್ಲ.

"ನಿಮ್ಮ ತಾತ ಕೆರೀತಿದ್ದಾಗ ಸೀಲುಗಳು ತಿರುಗಿ ಮಲಗ್ತಿದ್ವು ಕಣೋ. 'ಓ, ನಮ್ಮೋನೇ ಒಬ್ಬ' ಅಂತ. ಆದ್ರೆ ಒಂದು ಕಷ್ಟ. ಮನುಷ್ಯ ಕೆರೆದ್ರೆ ತಾಳ ಸರಿಯಾಗಿರುತ್ತೆ. ಸೀಲಿಗೆ ತಾಳ ಎಲ್ಲಿದೆ? ಅದು ಕಲಿಯೋಕೆ ನಿಮ್ಮ ತಾತನಿಗೆ ಹತ್ತು ವರ್ಷ ಹಿಡೀತು."

ನನ್ನ ತಾಳವಿಲ್ಲದ ಕೈಗೆ ಒಂದೇ ಚಳಿಗಾಲ ಸಾಕಾಯಿತು, ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮುದುಕ ನನ್ನ ಜೇಬಿನೊಳಗೆ ಅಡಗಿದ್ದ ಕೈಯನ್ನು ನೋಡಿ ನಕ್ಕ ಹಾಗಿತ್ತು. ನನ್ನ ಭ್ರಮೆ ಇರಬೇಕು.

ಬಲಗೈ ಕೆರೆಯುವುದಾದರೆ ಗುಂಡು ಹಾರಿಸುವುದು ಯಾರು? ಎಡಗೈ. ಅದು ಇದುವರೆಗೆ ಮಾಡಿದ ದೊಡ್ಡ ಕೆಲಸ ಎಂದರೆ ಬಲಗೈಯ ಕೈಗವಸು ಕಳಚುವುದು.

ಮೇ 23

ಹಿಮದ ಮೇಲೆ ಹಾಲಿನ ಡಬ್ಬಿ ಇಟ್ಟು ಎಡಗಡೆಯಿಂದ ಹತ್ತು ಗುಂಡು. ಡಬ್ಬಿ ಕ್ಷೇಮ. ಎಡಕೆನ್ನೆ ಕೋವಿಗೆ ಒತ್ತಿ ಮಲಗಿದರೆ ಯಾರದೋ ಹಾಸಿಗೆಯಲ್ಲಿ ಮಲಗಿದಂತೆ. ಎಡಗಣ್ಣು ಗುರಿ ಹುಡುಕುವುದಕ್ಕೇ ಹೊತ್ತು ತೆಗೆದುಕೊಳ್ಳುತ್ತದೆ.

ಕಿಗುತಾಕ್ ದೂರದಿಂದ ಕೂಗಿದ: "ಭಾವ! ಕನ್ನಡಕ ತಿರುವುಮುರುವಾಗಿದ್ಯಾ?"

ಮೇ 26

ಹತ್ತಕ್ಕೆ ಎರಡು.

ಮೇ 30

ಹತ್ತಕ್ಕೆ ಆರು. ಒಂದು ಸಂಗತಿ ಗಮನಿಸಿದೆ. ಎಡಗೈಗೆ ಹೆಮ್ಮೆ ಇಲ್ಲ. ಬಲಗೈಗೆ ಎಲ್ಲ ಗೊತ್ತಿತ್ತು, ಅದಕ್ಕೇ ಆತುರ. ಎಡಗೈ ಏನೂ ಅರಿಯದ್ದು, ಹೇಳಿದಷ್ಟು ಮಾಡುತ್ತದೆ. ಒತ್ತು ಎಂದರೆ ಕೂದಲೆಳೆಯಷ್ಟು ಒತ್ತಿ ಮುಂದೇನು ಎಂದು ಕಾಯುತ್ತದೆ. ಉಸಿರಿನ ಕೊನೆಯ ಖಾಲಿ ಜಾಗ ಅದರ ಪಾಲಿಗೆ ದೊಡ್ಡದಾಗಿದೆ. ಐವತ್ತೊಂಬತ್ತು ವರ್ಷ ನನ್ನ ಮಗ್ಗುಲಲ್ಲೇ ಇತ್ತು, ಪರಿಚಯವೇ ಇರಲಿಲ್ಲ!

ಜೂನ್ 3

ಹತ್ತಕ್ಕೆ ಒಂಬತ್ತು. ಅಂಗಡಿಯಲ್ಲಿ ಗುಂಡು ಮುಗಿದಿವೆ. ನನ್ನ ಹತ್ತಿರ ಉಳಿದದ್ದು ನಾಲ್ಕು. ಎರಡು ನಾಯಿಗಳು ಬಂಡಿಯ ಹಗ್ಗ ತಿಂದುಹಾಕಿವೆ. ಕೊಲ್ಲಿಯ ಬಾಯಲ್ಲಿ ನೀರು ಕಪ್ಪಗೆ ಕಾಣುತ್ತಿದೆ. ನಾಳೆ ಗಾಳಿ ಇಲ್ಲವೆಂದು ರೇಡಿಯೊದಲ್ಲಿ ಹೇಳಿದರು.

"ನಾನೂ ಬರ್ತೀನಿ, ನಾಯಿ ಹಿಡ್ಕೊಳ್ಳೋಕೆ" ಎಂದಳು ಎಕಿಲಾನಾ. ಮೊದಲಾಗಿದ್ದರೆ ಬೇಡ ಎನ್ನುತ್ತಿದ್ದೆ.

ಜೂನ್ 4

ಹೇಗೆ ಬರೆಯಲಿ?

ಗಾಳಿ ಇರಲಿಲ್ಲ. ಹಿಮದ ಮೇಲೆ ನೀಲಿ ನೀರಿನ ಮಡುಗಳು, ಪ್ರತಿಯೊಂದರಲ್ಲೂ ಒಂದೊಂದು ಸೂರ್ಯ. ಎಕಿಲಾನಾ ಮಿಕಿಯ ಕೊರಳು ಹಿಡಿದು ದೂರ ಕೂತಳು. ನಾನು ಹೊಟ್ಟೆಯ ಮೇಲೆ ಮಲಗಿ ಬಂಡಿ ತಳ್ಳಿದೆ. ದೊಡ್ಡ ಸೀಲು, ಬೆನ್ನೆಲ್ಲ ಬೆಳ್ಳಿ ಉಂಗುರ. ಅದು ಮಲಗಿತು, ತೆವಳಿದೆ. ಅದು ಎದ್ದಿತು, ಸತ್ತೆ.

ನೂರು ಹೆಜ್ಜೆಗೆ ಬಂದಾಗ ಕೋವಿಯನ್ನು ಕವೆಗೂ ಚೀಲಕ್ಕೂ ಒಪ್ಪಿಸಿದೆ. ಎಡಕೆನ್ನೆ ಇಟ್ಟೆ. ಬಲಗೈಯನ್ನು ಪಕ್ಕಕ್ಕೆ ಚಾಚಿ, ತಾತನ ಕೋಲನ್ನು ಹಿಮಕ್ಕೆ ತಾಗಿಸಿ, ಕೈಯನ್ನು ಅದರ ಪಾಡಿಗೆ ಬಿಟ್ಟೆ. ಆರು ತಿಂಗಳಿಂದ ಹಿಡಿದು ಹಿಡಿದು ಇಟ್ಟುಕೊಂಡಿದ್ದ ಕೈ. ಬಿಟ್ಟ ಕೂಡಲೇ ಕೆರೆಯತೊಡಗಿತು. ಕರ್ ಕರ್ ಕರ್. ಬಿಡುವು. ಕರ್ ಕರ್.

ಸೀಲು ತಲೆಯೆತ್ತಿತು. ನನ್ನ ಕಡೆ ನೋಡಿತು. ನನ್ನ ಎದೆ ನಿಂತುಹೋಯಿತು, ಕೈ ಮಾತ್ರ ನಿಲ್ಲಲಿಲ್ಲ. ಸೀಲು ಬಹಳ ಹೊತ್ತು ಕೇಳಿಸಿಕೊಂಡಿತು. ಆಮೇಲೆ ತನ್ನ ಮುಂಗಾಲಿನಿಂದ ಹಿಮವನ್ನು ಕೆರೆಯಿತು.

ಉತ್ತರ ಕೊಟ್ಟಿತು! ನನ್ನ ಕಾಯಿಲೆಗೆ ಉತ್ತರ ಕೊಟ್ಟಿತು.

ನಾನು ಕೆರೆದೆ, ಅದು ಕೆರೆಯಿತು. ಕೆಳಗೆ ಆಳವಾದ ಕಡಲು, ಮೇಲೆ ಮುಳುಗದ ಸೂರ್ಯ, ನಡುವೆ ಮೊಳದಷ್ಟು ದಪ್ಪದ ಹಿಮದ ಮೇಲೆ ನಾವಿಬ್ಬರು ಮುದುಕರು ಮಾತಾಡುತ್ತಿದ್ದೆವು. ಚರ್ಚಿನಲ್ಲೂ ನನಗೆ ಹಾಗೆ ಕೈಮುಗಿಯಬೇಕು ಎನಿಸಿದ್ದಿಲ್ಲ. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ನಾಯಿಗಳ ನೆನಪಾಯಿತು. ಸೀಲು ತಲೆ ಕೆಳಗಿಟ್ಟಿತು. ಉಸಿರು ಹೊರಗೆ ಹೋಯಿತು. ಖಾಲಿ ಜಾಗ ಬಂತು. ಎಡಬೆರಳು ಒತ್ತಿತು.

ಸೀಲು ಅಲುಗಲಿಲ್ಲ. ನಿದ್ದೆಯಿಂದ ಎದ್ದಿರಲೂ ಇಲ್ಲ.

ಸೀಲು ಜೀವಮಾನವೆಲ್ಲ ಉಪ್ಪುನೀರಿನಲ್ಲಿದ್ದು ಬಾಯಾರಿ ನಮ್ಮ ಹತ್ತಿರ ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು. ಮಡುವಿನಿಂದ ಸಿಹಿನೀರನ್ನು ಬಲಬೊಗಸೆಯಲ್ಲಿ ತಂದು ಅದರ ಬಾಯಿಗೆ ಬಿಟ್ಟೆ. ಕೈ ನಡುಗುತ್ತಿತ್ತು, ನೀರು ಹನಿ ಹನಿಯಾಗಿ ಬಿತ್ತು. ಹಾಗೆಯೇ ಬಿಡಬೇಕಾದದ್ದು. ಮೇ ಐದರ ಸೀಲಿಗೂ ನಾಲ್ಕು ಹನಿ ತೂತಿಗೆ ಬಿಟ್ಟೆ.

ಎಕಿಲಾನಾ ಓಡಿ ಬಂದು ಸೀಲನ್ನು ನೋಡಲಿಲ್ಲ, ಕೋವಿಯ ಯಾವ ಮಗ್ಗುಲಲ್ಲಿ ನನ್ನ ಮೈಯ ಗುರುತು ಬಿದ್ದಿದೆ ಎಂದು ನೋಡಿದಳು.

ಜೂನ್ 5

ನಾಯಿಗಳಿಗೆ ಕೊಯ್ಯೋಣ ಎಂದು ಚಾಕು ತೆಗೆದರೆ ಎಕಿಲಾನಾ ಕಸಿದುಕೊಂಡಳು.

"ಈ ಎಡಗೈ ಹಿಂದೆ ಯಾವತ್ತಾದ್ರೂ ಸೀಲು ಹೊಡೆದಿತ್ತಾ?"

"ಇಲ್ಲ."

"ಹಾಗಾದ್ರೆ ಇದು ಮೊದಲ ಬೇಟೆ. ಮೊದಲ ಬೇಟೆ ಊರಿಗೆಲ್ಲ ಹಂಚಬೇಕು. ಹೊಡೆದವನಿಗೆ ಪಾಲಿಲ್ಲ."

"ಹದಿನಾಲ್ಕರ ಹುಡುಗರಿಗೆ ಮಾಡೋದು ಅದು! ನಾಯಿಗಳು ಹಸಿದಿವೆ. ಊರಿಗೆ ಏನಂತ ಹೇಳ್ತೀಯಾ?"

"ಊರಿಗೆ ಗೊತ್ತಿಲ್ಲದ್ದು ಏನಿದೆ?"

ಕರುಳನ್ನು ಮಾತ್ರ ನಾಯಿಗಳಿಗೆ ಬಿಟ್ಟು, ಹನ್ನೆರಡು ಮನೆಗೆ ಹನ್ನೆರಡು ಪಾಲು ಮಾಡಿದಳು. ಮಧ್ಯಾಹ್ನಕ್ಕೆ ಇಡೀ ಊರು ನಮ್ಮ ಮನೆಗೆ ಕಾಫಿಗೆ ಬಂತು. ಹುಡುಗರ ಮೊದಲ ಬೇಟೆಗೆ ಮಾಡುವಂತೆ ಒಬ್ಬೊಬ್ಬರೂ ನನ್ನ ಎಡಗೈ ಹಿಡಿದು ಕುಲುಕಿದರು. ಸಕೇವುಸ್ ಅದನ್ನು ತಿರುಗಿಸಿ ನೋಡಿ, "ಹುಡುಗ ಚೆನ್ನಾಗಿದ್ದಾನೆ, ಮುಂದೆ ಬರ್ತಾನೆ" ಎಂದ. ಆಮೇಲೆ ಬಲಗೈಯನ್ನೂ ಹಿಡಿದುಕೊಂಡ. "ಆ ಹುಡುಗನ ಗುರು ಇವನೇ. ಕ್ರಿಸ್ಮಸ್ಸಿನಲ್ಲಿ ನಮ್ಮನೇಲಿ ನಿನ್ನ ಕಾಫಿ ಬಟ್ಟಲು ತಟ್ಟೆ ಮೇಲೆ ಕುಣೀತಿತ್ತಲ್ಲೋ, ನಮಗೆ ಕಣ್ಣಿಲ್ಲ ಅಂದ್ಕೊಂಡ್ಯಾ?" ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ಎಕಿಲಾನಾ ಹೇಳುತ್ತಾಳೆ.

ಕಿಗುತಾಕ್ ಕೈಚಾಚಿದ. "ಅಮ್ಮನ ಕನ್ನಡಕ ಕೊಡು ಭಾವ. ಮೂರು ದಿನ ಹಾಕ್ಕೊಂಡಿದ್ಯಲ್ಲ, ನಿಜಾನೇ ಹೇಳ್ಬಿಡ್ತೀಯಾ ಅಂತ ಕಾಯ್ತಿದ್ದೆ. ಎಂಥಾ ಹಟಮಾರಿ ನೀನು!"

ತನ್ನ ಪಾಲಿನ ಮಾಂಸ ಎತ್ತಿಕೊಂಡು ಹೊರಟ. ಮನೆಯ ದಾರಿ ಹಿಡಿಯಲಿಲ್ಲ. ನಮ್ಮ ನಾಯಿಗಳನ್ನು ಕಟ್ಟಿದ ಇಳಿಜಾರಿಗೆ ಹೋಗಿ ಕೂತು, ಚಾಕು ತೆಗೆದು ಮಾಂಸವನ್ನು ಹನ್ನೊಂದು ಚೂರು ಮಾಡಿದ. ಮೊದಲನೆಯದನ್ನು ಮಿಕಿಗೆ ಎಸೆದ. ಅವನ ಹಿಂದೆಯೇ ಇನ್ನಿಬ್ಬರು ತಮ್ಮ ಪಾಲು ಹಿಡಿದು ಇಳಿದರು.

"ಇವನ್ನ ನನ್ನ ಕೈಲಿ ಸಾಕೋಕಾಗಲ್ಲ ಭಾವ!" ಎಂದು ಅಲ್ಲಿಂದಲೇ ಕೂಗಿದ. "ನೀನೇ ಇಟ್ಕೋ! ಹಿಮ ಇನ್ನೂ ಎರಡು ವಾರ ಇದೆ!"

ನಾನು ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದೆ. ಬಲಗೈಯಲ್ಲಿ ಬಟ್ಟಲು ಇತ್ತು. ಯಾವಾಗ ತೆಗೆದುಕೊಂಡೆನೋ ಗೊತ್ತಿಲ್ಲ. ಕಾಫಿಯೆಲ್ಲ ಅಂಗಿಯ ಮೇಲೆ ಚೆಲ್ಲಿಹೋಗಿತ್ತು. ಎಕಿಲಾನಾ ಕೆಟಲ್ ಹಿಡಿದು ಬಂದು ಬಟ್ಟಲನ್ನು ಮತ್ತೆ ಅಂಚಿನವರೆಗೆ ತುಂಬಿದಳು.